ತಲೆಯೊಂದೇ ದೇಹವೆ?

ದ್ವಿಚಕ್ರ ವಾಹನದ ಸವಾರನಿಗೆ ತಲೆಯಿದೆ ಎಂಬುದು ನಮ್ಮ ಕಾಯಿದೆಗೆ ಗೊತ್ತು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ಕಲಮು ಶಿರಸ್ತ್ರಾಣದ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಹೆಲ್ಮೆಟ್ಟು ಹೇಗಿರಬೇಕೆಂಬುದಕ್ಕೆ ಐ.ಎಸ್. ೪೧೫೧ ಎಂಬ ಮಾನಕವುಂಟು. ೨೦೨೧ರ ಜೂನ್ ಒಂದರಿಂದ ಆ ಮುದ್ರೆಯಿಲ್ಲದ್ದನ್ನು ಮಾರಕೂಡದು. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಬೇಕೆಂದು ಕರ್ನಾಟಕದಲ್ಲಿ ೨೦೧೬ರ ಜನವರಿಯಿಂದ ಹಿಡಿದು ಕೇಳುತ್ತಿದ್ದಾರೆ. ಇದೆಲ್ಲ ಸರಿಯೆ. ತಲೆ ಹೋದಮೇಲೆ ಉಳಿದದ್ದು ಯಾರಿಗೆ ಬೇಕು? ಆದರೆ ತಲೆಯನ್ನು ಹೀಗೆ ಭದ್ರಮಾಡಿದ ಮೇಲೆ ಕುತ್ತಿಗೆಯಿಂದ ಕೆಳಗಿರುವುದೆಲ್ಲ ರಸ್ತೆಯ ಪಾಲಿಗೆ ಬಿಟ್ಟದ್ದು ಎಂದು ಓದಿದವರೂ ನಂಬಿ ಕುಳಿತಿದ್ದಾರಲ್ಲ, ನನ್ನ ಜಗಳ ಅವರೊಡನೆ.

ನಾನು ಹೇಳಹೊರಟಿರುವುದು ಸವಾರಿಗೆಂದೇ ಹೊಲಿದ ಷರಾಯಿಯ ವಿಷಯ. ಪ್ಯಾಂಟು ಎನ್ನುವವರು ಹಾಗೆಯೇ ಎನ್ನಲಿ. ನನಗೆ ಹಳೆಯ ಮಾತೇ ರುಚಿ. ಅದು ನೋಡುವುದಕ್ಕೆ ಮಾಮೂಲು ಜೀನ್ಸಿನಂತಿರಬಹುದು, ಒರಟು ನೈಲಾನಿನದಾಗಿರಬಹುದು, ಚರ್ಮದ್ದೂ ಉಂಟು. ಉಜ್ಜಿದರೆ ಬೇಗ ಸವೆಯದ ಬಟ್ಟೆ, ಎಳೆದರೆ ಬಿಚ್ಚದ ಹೊಲಿಗೆ, ಮಂಡಿಗೂ ಸೊಂಟದ ಪಕ್ಕದ ಮೂಳೆಗೂ ಪೆಟ್ಟು ನುಂಗುವ ದಿಂಬು, ಇಷ್ಟಿದ್ದರೆ ಅದು ಸವಾರಿ ಷರಾಯಿ. ಇಲ್ಲದಿದ್ದರೆ ಬರಿಯ ಷರಾಯಿ. ಬೆಳಗ್ಗೆ ಒಂಬತ್ತು ಗಂಟೆಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ತಲೆಗಳೆಲ್ಲ ಹೇಗೋ ಮುಚ್ಚಿಕೊಂಡಿವೆ. ಕಾಲುಗಳ ಮೇಲೆ ಮಾತ್ರ ಕಚೇರಿಯ ತೆಳು ಟೆರಿಕಾಟು, ಲೆಗ್ಗಿಂಗು, ಪಂಚೆ, ಮಂಡಿಯವರೆಗಿನ ಚಡ್ಡಿ. ಈ ಜನವೆಲ್ಲ ದಡ್ಡರಲ್ಲ. ಇವರಿಗೆ ಯಾರೋ ಕೆಲವು ಸುಳ್ಳುಗಳನ್ನು ಹೇಳಿ ನಂಬಿಸಿದ್ದಾರೆ.

‘ಊರೊಳಗೆ ನಲವತ್ತು ಕಿಲೋಮೀಟರಿನ ಮೇಲೆ ಹೋಗುವುದೇ ಇಲ್ಲ, ಅಷ್ಟಕ್ಕೆ ಇದೆಲ್ಲ ಯಾಕೆ?’ ಎಂಬುದು ಅವುಗಳಲ್ಲಿ ಮೊದಲನೆಯದು. ಹೈಸ್ಕೂಲಿನ ಲೆಕ್ಕ ಮರೆಯದವರು ಇದಕ್ಕೆ ಉತ್ತರ ಹೇಳಬಹುದು. ಗಂಟೆಗೆ ನಲವತ್ತು ಎಂದರೆ ಸೆಕೆಂಡಿಗೆ ಹನ್ನೊಂದು ಮೀಟರು. ಬಟ್ಟೆಗೂ ಡಾಂಬರಿಗೂ ನಡುವಣ ಘರ್ಷಣಾಂಕವನ್ನು ಸುಮಾರು ೦.೬ ಎಂದು ಇಟ್ಟುಕೊಂಡರೆ, ಬಿದ್ದ ಮನುಷ್ಯ ಹತ್ತು ಮೀಟರು ಜಾರಿ, ಎರಡು ಸೆಕೆಂಡಿಗೆ ಕೊಂಚ ಕಡಮೆ ಹೊತ್ತಿನಲ್ಲಿ ನಿಲ್ಲುತ್ತಾನೆ. ಅರವತ್ತರಲ್ಲಿ ಬಿದ್ದರೆ ಇಪ್ಪತ್ತಮೂರು ಮೀಟರು, ಮೂರು ಸೆಕೆಂಡಿಗೆ ಹತ್ತಿರ. ವೇಗ ಒಂದೂವರೆಯಷ್ಟಾದರೆ ಜಾರುವ ದೂರ ಎರಡೂಕಾಲರಷ್ಟಾಗುತ್ತದೆ. ಇನ್ನು ಬಟ್ಟೆಯ ಮಾತು. ಕೇಂಬ್ರಿಜ್ಜಿನ ರಾಡರಿಕ್ ವುಡ್ಸ್ ಎಂಬ ವಿದ್ವಾಂಸರು ಸವಾರರ ಉಡುಪನ್ನು ಉಜ್ಜಿ ನೋಡುವ ಯಂತ್ರವನ್ನು ರೂಪಿಸಿ, ದೇಹದ ಯಾವ ಭಾಗ ರಸ್ತೆಗೆ ಹೆಚ್ಚು ತಾಗುತ್ತದೆಂದು ವಲಯಗಳನ್ನು ಗುರುತಿಸಿದರು. ಯೂರೋಪಿನ ಹಿಂದಿನ ಮಾನಕ ನಿಂತದ್ದು ಆ ಕೆಲಸದ ಮೇಲೆಯೇ. ಅಂಥ ಯಂತ್ರಕ್ಕೆ ಕೊಟ್ಟರೆ, ನಾವು ಉಕ್ಕಿನ ಕವಚವೆಂದು ಭಾವಿಸಿಕೊಂಡಿರುವ ಸಾಧಾರಣ ಹತ್ತಿ ಜೀನ್ಸು ಒಂದು ಸೆಕೆಂಡು ತಾಳುವುದೂ ಕಷ್ಟ. ಉಳಿದ ಸೆಕೆಂಡಿನಲ್ಲಿ ಸವೆಯುವುದು ಏನೆಂದು ಬಿಡಿಸಿ ಹೇಳಬೇಕೆ? ಟೆರಿಕಾಟಿನ ಗತಿ ಇನ್ನೂ ಕೆಟ್ಟದ್ದು. ಅದರೊಳಗಿನ ಪಾಲಿಯೆಸ್ಟರು ಉಜ್ಜಿದ ಬಿಸಿಗೆ ಕರಗಿ ಗಾಯಕ್ಕೇ ಅಂಟಿಕೊಳ್ಳುತ್ತದೆ.

ಇಲ್ಲಿ ನಮ್ಮ ಭಾಷೆಯ ಮೇಲೂ ನನಗೊಂದು ದೂರಿದೆ. ಈ ಗಾಯಕ್ಕೆ ನಾವು ‘ತರಚು ಗಾಯ’ ಎನ್ನುತ್ತೇವೆ. ಮಗು ಅಂಗಳದಲ್ಲಿ ಬಿದ್ದು ಮೊಣಕೈ ಕೆರೆದುಕೊಂಡರೂ ತರಚು ಗಾಯ, ಮೂವತ್ತು ವರ್ಷದ ಗಂಡಸಿನ ತೊಡೆಯ ಹೊರಬದಿ ಅಂಗೈ ಎರಡರಷ್ಟಗಲ ಸುಲಿದುಹೋದರೂ ತರಚು ಗಾಯ. ಪತ್ರಿಕೆಗಳಲ್ಲಿ ‘ಸಣ್ಣಪುಟ್ಟ ತರಚು ಗಾಯಗಳೊಂದಿಗೆ ಪಾರಾದರು’ ಎಂದು ಅಚ್ಚಾಗುತ್ತದೆ. ಪಾರಾದವನನ್ನು ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿ, ಮಾಂಸಕ್ಕೆ ಹೊಕ್ಕ ಮರಳನ್ನೂ ಡಾಂಬರಿನ ಚೂರನ್ನೂ ಕುಂಚದಿಂದ ಉಜ್ಜಿ ತೆಗೆಯುವುದನ್ನು ನೋಡಿದವರು ಆ ಮಾತನ್ನು ಬರೆಯಲಾರರು. ಆಳವಾಗಿ ಹೋದಲ್ಲಿ ಇನ್ನೊಂದು ಕಡೆಯ ಚರ್ಮ ತೆಗೆದು ಕಸಿ ಕಟ್ಟಬೇಕಾಗುತ್ತದೆ. ಕೀವು ಕಟ್ಟದಿದ್ದರೆ ಪುಣ್ಯ. ಮಂಡಿಯ ಮೇಲಿನ ಗಾಯವಂತೂ ಕಾಲು ಮಡಿಸಿದಾಗಲೆಲ್ಲ ಬಾಯಿಬಿಡುತ್ತದೆ. ತಿಂಗಳ ಸಂಬಳದವನು ರಜೆ ಹಾಕಿ ಮಲಗಿಯಾನು. ದಿನಗೂಲಿಯವನಿಗೆ ಮೂರು ವಾರ ಮಲಗಿದರೆ ಮೂರು ವಾರದ ಅನ್ನ ಹೋಯಿತು. ೨೦೨೨ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ ಎಂದು ಕೇಂದ್ರ ಸಾರಿಗೆ ಮಂತ್ರಾಲಯ ಲೆಕ್ಕ ಕೊಟ್ಟಿತು. ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಗಾಯಗೊಂಡವರು ೪,೪೩,೩೬೬. ಆ ದೊಡ್ಡ ಅಂಕಿಯೊಳಗೆ ಎಷ್ಟು ಮಂಡಿಗಳಿವೆಯೋ ಎಣಿಸಿದವರಿಲ್ಲ.

ಎರಡನೆಯ ಮಾತು ಸೆಖೆಯದು. ಇದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು ಕಲಬುರಗಿಗಳಲ್ಲಿ ಮಧ್ಯಾಹ್ನ ಬಿಸಿಲಿಗಿಳಿಯುವವನಿಗೆ ದಪ್ಪ ಚರ್ಮದ ಷರಾಯಿ ತೊಡು ಎನ್ನುವುದು ಬುದ್ಧಿಯ ಮಾತಲ್ಲ. ಬಿಸಿಲಿಗೆ ಬಳಲಿದವನ ಕೈ ಬ್ರೇಕಿಗೆ ತಡವಾಗಿ ಹೋಗುತ್ತದೆ, ಅದೂ ಅಪಾಯವೇ. ಆದರೆ ಸೆಖೆ ಇರುವ ದೇಶ ನಮ್ಮದೊಂದೇ ಎಂದು ತಿಳಿದವರು ಆಸ್ಟ್ರೇಲಿಯದ ಕಡೆ ನೋಡಬೇಕು. ಅಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ೨೦೧೮ರಿಂದ ‘ಮೋಟೋಕ್ಯಾಪ್’ ಎಂಬ ವ್ಯವಸ್ಥೆಯಿದೆ. ಅಂಗಡಿಯಲ್ಲಿ ಸಿಗುವ ಉಡುಪನ್ನೇ ಕೊಂಡುತಂದು, ಹರಿದು, ಉಜ್ಜಿ, ಪರೀಕ್ಷಿಸಿ, ರಕ್ಷಣೆಗೆ ಇಷ್ಟು ನಕ್ಷತ್ರ, ಬೆವರು ಬಿಡುವುದಕ್ಕೆ ಇಷ್ಟು ನಕ್ಷತ್ರ ಎಂದು ಎರಡನ್ನೂ ಬೇರೆಬೇರೆಯಾಗಿ ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಸೆಖೆಯ ಸಮಸ್ಯೆಗೆ ಪ್ರಜೆಗಳ ಸರ್ಕಾರ ಕೊಡಬೇಕಾದ ಉತ್ತರ ಅದು. ನಾವು ಕೊಟ್ಟಿರುವ ಉತ್ತರ ಚಡ್ಡಿ. ಇನ್ನು ಬೆಂಗಳೂರು, ಮೈಸೂರು, ಹಾಸನ, ಮಡಿಕೇರಿಯವರು ಸೆಖೆಯ ನೆಪ ಹೇಳುವುದಂತೂ ನಾಚಿಕೆಗೇಡು. ಡಿಸೆಂಬರಿನಲ್ಲಿ ಇವರು ಕಿವಿಗೆ ಮಫ್ಲರು ಸುತ್ತಿಕೊಂಡು, ಕಾಲಿಗೆ ಅದೇ ಟೆರಿಕಾಟು ತೊಟ್ಟಿರುತ್ತಾರೆ.

‘ಇದೆಲ್ಲ ಷೋಕಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎನ್ನುವವರೂ ಇದ್ದಾರೆ. ಈ ಮಾತಿಗೆ ಆಸ್ಪದ ಕೊಟ್ಟವರು ನಮ್ಮ ಭಾನುವಾರದ ವೀರರೇ. ಭಾನುವಾರ ಮುಂಜಾನೆ ನಂದಿಬೆಟ್ಟಕ್ಕೆ ಹೊರಡುವಾಗ ಮೈಮೇಲೆ ಕವಚ, ಮೊಣಕೈಗೆ ಕವಚ, ಮಂಡಿಗೆ ಕವಚ, ಕುರುಕ್ಷೇತ್ರಕ್ಕೆ ಹೊರಟಂತೆ. ಸೋಮವಾರ ಅದೇ ಮಹನೀಯರು ಅದೇ ವಾಹನದ ಮೇಲೆ, ಲಾರಿ ಬಸ್ಸುಗಳ ನಡುವೆ, ಅಗೆದು ಮುಚ್ಚದ ಗುಂಡಿಗಳ ಮೇಲೆ ಕಚೇರಿಗೆ ಹೋಗುವಾಗ ತೆಳು ಷರಾಯಿ, ಕಾಲಿಗೆ ಚಪ್ಪಲಿ. ವಾರಕ್ಕೆ ಆರು ದಿನ ಬರಿಗಾಲಲ್ಲಿ ಮುಳ್ಳಿನ ಹೊಲ ಉತ್ತು ಏಳನೆಯ ದಿನ ಜೋಡು ಮೆಟ್ಟಿಕೊಂಡು ಜಾತ್ರೆಗೆ ಹೋಗುವ ರೈತನಿಗೆ ಬಡತನದ ಕಾರಣವಾದರೂ ಉಂಟು. ಇವರಿಗೆ ಏನು ಕಾರಣ? ೧೯೬೧ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಜಾವಾ ತಯಾರಾಗತೊಡಗಿದ ಕಾಲಕ್ಕೆ ಮೋಟಾರ್ ಸೈಕಲ್ಲೇ ಒಂದು ಷೋಕಿ; ಊರಿಗೆ ನಾಲ್ಕು ಇದ್ದರೆ ಹೆಚ್ಚು. ಈಗ ಅದು ಹಾಲಿನವನ ಕಾಲು, ಮೇಷ್ಟರ ಕಾಲು, ದಾದಿಯ ಕಾಲು. ಕಾಲಿನ ರಕ್ಷಣೆಯನ್ನು ಷೋಕಿಯೆಂದು ಕರೆಯುವ ಕಾಲ ಹೋಯಿತು.

ಇಷ್ಟು ಹೇಳಿ, ‘ಆಗಲಿ, ಕೊಳ್ಳೋಣ’ ಎಂದು ಅಂಗಡಿಗೆ ಹೋದವನ ಕಥೆ ಬೇರೆ. ನನ್ನ ಮುಖ್ಯ ಸಿಟ್ಟು ಅಲ್ಲಿಯದು.

ಅಂಗಡಿಯವನು ಷರಾಯಿಯೊಂದನ್ನು ಹರವಿ, ಮಂಡಿಯ ಜೇಬಿನಿಂದ ದಿಂಬನ್ನು ಎಳೆದು, ಅದರ ಮೇಲಿನ ‘ಸಿ.ಇ.’ ಅಕ್ಷರಗಳನ್ನು ತೋರಿಸಿ, ‘ಯೂರೋಪಿನ ಸರ್ಟಿಫಿಕೇಟು ಸಾರ್’ ಎನ್ನುತ್ತಾನೆ. ಗಿರಾಕಿ ತಲೆದೂಗುತ್ತಾನೆ. ವಾಸ್ತವದಲ್ಲಿ ಆ ಮುದ್ರೆ ದಿಂಬಿಗೆ ಸೇರಿದ್ದು, ಷರಾಯಿಗಲ್ಲ. ದಿಂಬಿನ ಪರೀಕ್ಷೆ ಇ.ಎನ್. ೧೬೨೧-೧ ಎಂಬ ಮಾನಕದ್ದು. ಐದು ಕಿಲೋ ತೂಕವನ್ನು ಒಂದು ಮೀಟರು ಎತ್ತರದಿಂದ ಬಿಟ್ಟರೆ ಎಷ್ಟೋ ಅಷ್ಟು ಪೆಟ್ಟು ಕೊಟ್ಟು, ದಿಂಬನ್ನು ದಾಟಿ ಕೆಳಗೆ ಎಷ್ಟು ಬಲ ಬಂತೆಂದು ಅಳೆಯುತ್ತಾರೆ. ಸರಾಸರಿ ೩೫ ಕಿಲೋನ್ಯೂಟನ್ನಿನೊಳಗೆ ಬಂದರೆ ಮೊದಲನೆಯ ಮಟ್ಟ. ೨೦ರೊಳಗೆ ಬಂದರೆ ಎರಡನೆಯ ಮಟ್ಟ. ಎರಡನೆಯದೇ ಮೇಲು, ಬೆಲೆಯ ವ್ಯತ್ಯಾಸ ಅದಕ್ಕೆ ತಕ್ಕದ್ದು. ಆದರೆ ದಿಂಬು ಚೆನ್ನಾಗಿದ್ದು, ಅದನ್ನು ಹೊತ್ತ ಬಟ್ಟೆ ಮೊದಲ ಅರ್ಧ ಸೆಕೆಂಡಿನಲ್ಲೇ ಹರಿದು ದಿಂಬು ರಸ್ತೆಗೆ ಬಿದ್ದುಹೋದರೆ ಏನು ಬಂತು? ಉಡುಪಿಗೆ ಬೇರೆಯೇ ಮಾನಕವಿದೆ. ಅದು ೨೦೨೦ರ ಇ.ಎನ್. ೧೭೦೯೨. ಬಟ್ಟೆಯ ಸವೆತ, ಹರಿತ, ಹೊಲಿಗೆಯ ಬಲ ಎಲ್ಲವನ್ನೂ ನೋಡಿ ಅದು ವರ್ಗ ಕೊಡುತ್ತದೆ. ಎ.ಎ.ಎ. ಎಂದರೆ ಎಲ್ಲಕ್ಕೂ ಮೇಲಿನದು. ಹೆಚ್ಚು ತಾಗುವ ವಲಯದ ಬಟ್ಟೆಯನ್ನು ಗಂಟೆಗೆ ೧೨೦ ಕಿಲೋಮೀಟರಿಗೆ ಸಮವಾದ ವೇಗದಿಂದ ಉಜ್ಜಿ ನಿಲ್ಲಿಸುತ್ತಾರೆ. ಎ.ಎ.ಗೆ ಆ ವೇಗ ೭೦, ಬರಿಯ ಎ.ಗೆ ೪೫. ಬಿ. ಎಂದರೆ ಬಟ್ಟೆ ಎ. ವರ್ಗದ್ದೇ, ದಿಂಬಿಲ್ಲ. ಸಿ. ಎಂದರೆ ದಿಂಬು ಹಿಡಿದಿಡುವ ಒಳಉಡುಪು, ಉಜ್ಜುವಿಕೆಗೆ ಅದರಿಂದ ರಕ್ಷಣೆಯೇ ಇಲ್ಲ.

ಆದ್ದರಿಂದ ಕೊಳ್ಳುವವನು ದಿಂಬನ್ನು ಎಳೆದು ನೋಡುವುದಕ್ಕೆ ಮುಂಚೆ ಷರಾಯಿಯ ಒಳಗೆ ಹೊಲಿದಿರುವ ಚೀಟಿಯನ್ನು ಓದಬೇಕು. ಹೆಲ್ಮೆಟ್ ಧರಿಸಿದ ಸವಾರನ ಸಣ್ಣ ಚಿತ್ರ, ಅದರೊಡನೆ ೧೭೦೯೨ ಎಂಬ ಸಂಖ್ಯೆ ಮತ್ತು ವರ್ಗದ ಅಕ್ಷರ ಇರಬೇಕು. ಇಲ್ಲವೋ, ಅಂಗಡಿಯವನ ಬಾಯಿಮಾತು ಎಷ್ಟೇ ಸಿಹಿಯಾಗಿರಲಿ, ಅದು ದಿಂಬು ಸಿಕ್ಕಿಸಿದ ಮಾಮೂಲು ಷರಾಯಿ. ‘ಕೆವ್ಲಾರ್ ಇದೆ’ ಎಂಬುದೂ ಹಾಗೆಯೇ. ೧೯೬೫ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಕಂಡುಹಿಡಿದ ಆ ನೂಲು ಅದ್ಭುತವಾದದ್ದೇ. ಆದರೆ ಎಲ್ಲಿದೆ, ಎಷ್ಟಿದೆ? ಮಂಡಿಯ ಹಿಂದೆ ಅಂಗೈಯಗಲದ ತುಂಡೊಂದನ್ನು ಹೊಲಿದು, ಪೃಷ್ಠಕ್ಕೂ ತೊಡೆಯ ಹೊರಬದಿಗೂ ಏನೂ ಇಲ್ಲದೆ, ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದ ಜೀನ್ಸುಗಳು ಬೇಕಾದಷ್ಟು ಮಾರಾಟವಾಗುತ್ತವೆ. ಮನುಷ್ಯ ಮಂಡಿಯ ಮೇಲಷ್ಟೇ ಬೀಳುತ್ತಾನೆಂದು ಇವರಿಗೆ ಹೇಳಿದವರಾರು? ಷರಾಯಿಯನ್ನು ಒಳಗುಹೊರಗು ಮಾಡಿ ನೋಡುವ ಹಕ್ಕು ಗಿರಾಕಿಗುಂಟು. ಸೀರೆ ಕೊಳ್ಳುವಾಗ ಸೆರಗಿನಿಂದ ಒಡಲಿನವರೆಗೆ ಬಿಚ್ಚಿ ನೋಡುವ ನಮ್ಮ ಜನ ಇಲ್ಲಿ ಮಾತ್ರ ಸಂಕೋಚಪಡುತ್ತಾರೆ.

ನನ್ನ ವಿರೋಧಿಗಳ ಕೈಗೆ ಒಂದು ಆಯುಧವನ್ನು ನಾನೇ ಕೊಡುತ್ತೇನೆ. ಆಸ್ಟ್ರೇಲಿಯದ ಲಿಜ್ ಡಿ ರೋಮ್ ಮತ್ತು ಸಂಗಡಿಗರು ಅಪಘಾತಕ್ಕೊಳಗಾದ ೨೧೨ ಸವಾರರನ್ನು ಅಭ್ಯಾಸಮಾಡಿ ೨೦೧೧ರಲ್ಲಿ ಪ್ರಕಟಿಸಿದ ಬರಹದಲ್ಲಿ, ರಕ್ಷಣೆಯ ಉಡುಪಿಗೂ ಮೂಳೆ ಮುರಿತ ತಪ್ಪುವುದಕ್ಕೂ ಸಂಬಂಧ ಕಾಣಲಿಲ್ಲ. ಅಷ್ಟೇ ಅಲ್ಲ, ಸವಾರಿ ಷರಾಯಿಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಆ ಅಪಘಾತದಲ್ಲಿ ಹರಿದು ಸೋತಿದ್ದವು. ‘ನೋಡಿದಿರಾ!’ ಎಂದು ಕುಣಿಯಬೇಡಿ. ಮುಂದಿನ ಸಾಲನ್ನೂ ಓದಿ. ಸವಾರಿ ಷರಾಯಿ ತೊಟ್ಟವರು ಆಸ್ಪತ್ರೆಗೆ ಸೇರಬೇಕಾಗಿ ಬಂದ ಸಂಭವ ತೊಡದವರದರ ಸುಮಾರು ಅರ್ಧದಷ್ಟು ಮಾತ್ರ. ಲಾರಿಯ ಚಕ್ರ ಕಾಲಿನ ಮೇಲೆ ಹರಿದರೆ ಯಾವ ದಿಂಬೂ ಉಳಿಸಲಾರದು, ನಿಜ. ಸಿಡಿಲನ್ನು ತಡೆಯುವುದಿಲ್ಲವೆಂದು ಮಳೆಗಾಲದಲ್ಲಿ ಕೊಡೆಯನ್ನು ಮನೆಯಲ್ಲಿ ಬಿಟ್ಟು ಹೋದವರನ್ನು ನಾನು ಕಂಡಿಲ್ಲ. ಇನ್ನು ಹರಿದು ಸೋತ ಆ ಕಾಲುಭಾಗ ಹೇಳುವುದು, ಬೇಡವೆಂದಲ್ಲ, ಚೀಟಿ ಓದಿ ಕೊಳ್ಳಬೇಕೆಂದು.

ಆಯ್ಕೆಯ ಮಾತಿಗೆ ಬಂದರೆ, ದಿನವೂ ಕಚೇರಿಗೆ ಹೋಗಿಬರುವವನಿಗೆ ಎ.ಎ. ವರ್ಗದ ಷರಾಯಿ ಸಾಕು, ಅದಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ನನ್ನ ಮತ. ಎ. ವರ್ಗಕ್ಕೆ ಸೊಂಟದ ಪಕ್ಕದ ದಿಂಬು ಕಡ್ಡಾಯವಲ್ಲ. ಪಕ್ಕಕ್ಕೆ ಬಿದ್ದವನ ಮೊದಲ ಪೆಟ್ಟು ಬೀಳುವುದೇ ಅಲ್ಲಿ. ಹೆದ್ದಾರಿಯಲ್ಲಿ ದೂರ ಹೋಗುವ ಚಟವುಳ್ಳವನು ಎ.ಎ.ಎ. ಕೊಳ್ಳಲಿ. ಬೆಂಗಳೂರು ಮೈಸೂರು ಹೊಸ ಹೆದ್ದಾರಿಯ ನಡುದಾರಿಗೆ ೨೦೨೩ರ ಆಗಸ್ಟ್ ಒಂದರಿಂದ ದ್ವಿಚಕ್ರಗಳನ್ನು ಬಿಡದೆ ಪಕ್ಕದ ರಸ್ತೆಗೆ ತಳ್ಳಿದ್ದಾರೆ. ಅದರಿಂದ ವೇಗ ಕಡಮೆಯಾಯಿತೇ ಹೊರತು ರಸ್ತೆ ಮೆತ್ತಗಾಗಲಿಲ್ಲ. ಕಚೇರಿಯಲ್ಲಿ ಇಸ್ತ್ರಿ ಷರಾಯಿಯೇ ಬೇಕೆನ್ನುವವರಿಗೆ, ಅದರ ಮೇಲೆಯೇ ತೊಟ್ಟು, ಪಕ್ಕದ ಉದ್ದ ಜಿಪ್ಪು ಎಳೆದು, ಜೋಡು ಕಳಚದೆ ಬಿಚ್ಚಿಡಬಹುದಾದ ಮೇಲುಷರಾಯಿಗಳಿವೆ. ಅವುಗಳ ಒಂದು ದೋಷವೆಂದರೆ ಮಂಡಿಯ ದಿಂಬು ಸಡಿಲವಾಗಿ ತಿರುಗುವುದು. ಅಳತೆ ನೋಡುವಾಗ ಅಂಗಡಿಯ ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲುವುದರಿಂದ ಪ್ರಯೋಜನವಿಲ್ಲ. ಕುರ್ಚಿಯ ಮೇಲೆ, ಆದರೆ ವಾಹನದ ಮೇಲೆಯೇ, ಕುಳಿತು ಮಂಡಿ ಮಡಿಸಿ. ದಿಂಬು ಮಂಡಿಚಿಪ್ಪಿನ ಮೇಲಿಂದ ಹಿಡಿದು ಕೆಳಗಿನ ಮೊಳಕಾಲ ಮೂಳೆಯವರೆಗೆ ಮುಚ್ಚಬೇಕು. ಕೈಯಿಂದ ಹಿಡಿದು ತಿರುಚಿದರೆ ಪಕ್ಕಕ್ಕೆ ಸರಿಯಬಾರದು. ಕುಳಿತಾಗ ಷರಾಯಿ ಮೇಲೇರುತ್ತದೆ, ಆದ್ದರಿಂದ ಎರಡು ಬೆರಳು ಉದ್ದ ಹೆಚ್ಚಿರಲಿ. ಬಣ್ಣದ ವಿಷಯ ಅವರವರ ಹೆಂಡಿರಿಗೆ ಬಿಟ್ಟದ್ದು.

ಮಳೆಯ ಬಗ್ಗೆ ಒಂದು ಮಾತು. ಶೀತದೇಶದವರು ಷರಾಯಿಯ ಒಳಗಡೆ ನೀರು ತಡೆಯುವ ಪೊರೆ ಇಡುತ್ತಾರೆ. ನಮ್ಮ ಆಷಾಢದ ಮಳೆಯಲ್ಲಿ ಹೊರಬಟ್ಟೆ ನೆನೆದು ಮಣಭಾರವಾಗುತ್ತದೆ, ಒಳಗೆ ಬೆವರು, ಹೊರಗೆ ಕೆಸರು. ಮರುದಿನ ಬೆಳಗ್ಗೆಗೆ ಒಣಗುವುದೂ ಇಲ್ಲ. ಮಲೆನಾಡಿನವನಿಗೂ ಕರಾವಳಿಯವನಿಗೂ ಹೊರಗಿನಿಂದ ಎಳೆದುಕೊಳ್ಳುವ ಬೇರೆ ಮಳೆಷರಾಯಿಯೇ ಲೇಸು. ಒಣಗಿಸುವುದು ನೆರಳಿನಲ್ಲಿ: ಕೆವ್ಲಾರಿನ ಜಾತಿಯ ನೂಲಿಗೆ ಬಿಸಿಲು ಆಗದು, ಬ್ಲೀಚಿಂಗ್ ಪುಡಿಯೂ ಆಗದು. ದಿಂಬು ತೆಗೆದು ಒಗೆಯಿರಿ, ಮತ್ತೆ ಸಿಕ್ಕಿಸಲು ಮರೆಯಬೇಡಿ.

ಹೆಂಗಸರ ಪಾಡನ್ನು ಈ ವ್ಯಾಪಾರ ಗಣನೆಗೇ ತೆಗೆದುಕೊಂಡಿಲ್ಲ. ಸ್ಕೂಟರು ನಡೆಸುವ ಹೆಂಗಸರು ಊರೂರಲ್ಲೂ ಇದ್ದಾರೆ. ಅಂಗಡಿಯಲ್ಲಿ ಗಂಡಸಿನ ಅಳತೆಯ ಇಪ್ಪತ್ತು ಷರಾಯಿಗಳಿದ್ದರೆ ಅವರದು ಮೂಲೆಯಲ್ಲಿ ಒಂದೋ ಎರಡೋ. ಸಣ್ಣ ಗಂಡಸಿನ ಷರಾಯಿಯನ್ನೇ ತೊಟ್ಟುಕೊಳ್ಳಿ ಎಂಬ ಸಲಹೆ ಸಿಗುತ್ತದೆ. ಸೊಂಟದ ದಿಂಬು ಮೂಳೆಯ ಮೇಲೆ ಕೂಡದೆ ಎಲ್ಲೋ ಕೂರುತ್ತದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೩ನೆಯದು ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟು ಮರೆ ಇರಬೇಕೆಂದು ಹೇಳುತ್ತದೆ. ಸೆರಗಿನಿಂದ ಚಕ್ರಕ್ಕೆ ಆಗುವ ತೊಂದರೆ ಅಧಿಕಾರಿಗಳಿಗೆ ಹೊಳೆಯಿತು. ರಸ್ತೆಯಿಂದ ಕಾಲಿಗೆ ಆಗುವುದು ಹೊಳೆಯಲಿಲ್ಲ. ಸೈಲೆನ್ಸರಿಗೆ ತಾಗಿ ಮೀನಖಂಡ ಸುಟ್ಟುಕೊಳ್ಳದ ಹಿಂಬದಿ ಸವಾರರು ಎಷ್ಟು ಮಂದಿ ಇದ್ದಾರು?

ಬೆಲ್ಜಿಯಂ ದೇಶ ೨೦೧೧ರ ಸೆಪ್ಟೆಂಬರಿನಿಂದ ಮೋಟಾರ್ ಸೈಕಲ್ ಸವಾರನಿಗೆ ಕೈಗವಸು, ಉದ್ದ ತೋಳಿನ ಅಂಗಿ, ಉದ್ದ ಷರಾಯಿ, ಹರಡು ಮುಚ್ಚುವ ಜೋಡು ಇವನ್ನು ಕಡ್ಡಾಯಮಾಡಿದೆ. ಇಲ್ಲಿಯೂ ಹಾಗೆ ಮಾಡಿ, ದಂಡ ಹಾಕಿ ಎಂದು ನಾನು ಹೇಳುತ್ತಿಲ್ಲ. ದಂಡದ ಭಯದಿಂದ ಹೆಲ್ಮೆಟ್ಟು ತೊಡಿಸಹೋಗಿ ಏನಾಯಿತು? ರಸ್ತೆಬದಿಯಲ್ಲಿ ತೆಂಗಿನ ಚಿಪ್ಪಿನಂಥ ಅರ್ಧ ಟೋಪಿಗಳ ರಾಶಿ ಬಿತ್ತು. ಅದು ಪೋಲೀಸನಿಂದ ರಕ್ಷಿಸುತ್ತದೆ, ನೆಲದಿಂದಲ್ಲ. ಷರಾಯಿಗೂ ಅದೇ ಗತಿಯಾದೀತು. ನಾನು ಕೇಳುವುದು ಬೇರೆ. ಒಳ್ಳೆಯ ಷರಾಯಿಗೆ ಐದು ಸಾವಿರದಿಂದ ಹತ್ತು ಹನ್ನೆರಡು ಸಾವಿರ ರೂಪಾಯಿ ಆಗುತ್ತದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಸರ್ಕಾರ ೩೫೦ ಸಿ.ಸಿ.ವರೆಗಿನ ಮೋಟಾರ್ ಸೈಕಲ್ಲಿನ ಮೇಲಣ ತೆರಿಗೆಯನ್ನು ನೂರಕ್ಕೆ ೨೮ರಿಂದ ೧೮ಕ್ಕೆ ಇಳಿಸಿತು. ಅದೇ ದಿನ, ಎರಡೂವರೆ ಸಾವಿರ ರೂಪಾಯಿ ಮೀರಿದ ಸಿದ್ಧ ಉಡುಪಿನ ಮೇಲಣ ತೆರಿಗೆಯನ್ನು ೧೨ರಿಂದ ೧೮ಕ್ಕೆ ಏರಿಸಿತು. ಬೀಳಿಸುವ ವಸ್ತು ಅಗ್ಗ, ಬಿದ್ದಾಗ ಕಾಯುವ ವಸ್ತು ತುಟ್ಟಿ! ಮದುವೆಯ ಷೇರ್ವಾನಿಗೂ ಸವಾರಿಯ ಷರಾಯಿಗೂ ವ್ಯತ್ಯಾಸ ಕಾಣದ ಈ ಲೆಕ್ಕಿಗರು ಒಂದು ದಿನವಾದರೂ ಹೊಸೂರು ರಸ್ತೆಯಲ್ಲಿ ಸ್ಕೂಟರು ನಡೆಸಬೇಕು. ತೆರಿಗೆ ಇಳಿಸಲಿ, ಹೆಲ್ಮೆಟ್ಟಿಗೆ ಇರುವಂತೆ ಷರಾಯಿಗೂ ನಮ್ಮದೇ ಮುದ್ರೆಯೊಂದು ಬರಲಿ, ಮುದ್ರೆಯಿಲ್ಲದ್ದನ್ನು ‘ರಕ್ಷಣೆಯದು’ ಎಂದು ಮಾರಿದವನಿಗೆ ಬೇಕಾದರೆ ದಂಡ ಹಾಕಲಿ.

ಊಟ ತರುವ, ದಿನಸಿ ತರುವ ಹುಡುಗರಿಗಂತೂ ಷರಾಯಿ ಕೊಳ್ಳಿರೆಂದು ಉಪದೇಶ ಮಾಡುವ ಮುಖ ನನಗಿಲ್ಲ. ಮಳೆಯಲ್ಲಿ ಹತ್ತು ನಿಮಿಷಕ್ಕೆ ಮೂರನೆಯ ಮಹಡಿಗೆ ಬಂದು ಬಾಗಿಲು ತಟ್ಟುವ ಅವರಿಗೆ ಕಂಪನಿಗಳು ಬಣ್ಣದ ಅಂಗಿ ತೊಡಿಸುತ್ತವೆ, ಏಕೆಂದರೆ ಅಂಗಿಯ ಮೇಲೆ ಹೆಸರು ಬರೆಯಬಹುದು. ಷರಾಯಿಯ ಮೇಲೆ ಬರೆದರೆ ಓದುವವರು ಯಾರು? ಕರ್ನಾಟಕವು ೨೦೨೫ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆಂದು ಕಾಯಿದೆ ಮಾಡಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಕಂಪನಿಯಿಂದ ನೂರಕ್ಕೆ ಒಂದರಿಂದ ಐದರವರೆಗೆ ಶುಲ್ಕ ಎತ್ತಿ ನಿಧಿ ಕೂಡಿಸಬೇಕೆಂದು ಅದರಲ್ಲಿದೆ. ಬಿದ್ದವನ ಆಸ್ಪತ್ರೆಯ ಖರ್ಚಿಗೆ ಆ ಹಣ ಒದಗಲಿ, ಸಂತೋಷ. ಬೀಳುವುದಕ್ಕೆ ಮುಂಚೆ ಅವನಿಗೆ ವರ್ಷಕ್ಕೊಂದು ಎ.ಎ. ವರ್ಗದ ಷರಾಯಿಯನ್ನು ಅದೇ ನಿಧಿಯಿಂದ ಕೊಡಿಸಲು ಅಡ್ಡಿ ಏನಿದೆ ಎಂದು ಮಂಡಳಿಯವರನ್ನು ಕೇಳುತ್ತೇನೆ. ಲಕ್ಷಗಟ್ಟಲೆ ಒಟ್ಟಿಗೆ ಹೊಲಿಸಿದರೆ ಬೆಲೆ ಅರ್ಧಕ್ಕಿಳಿಯುವುದು ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯ ಯಾವ ಮೇಸ್ತ್ರಿಗೂ ಗೊತ್ತಿರುವ ವಿಷಯ.